ತಯಾರಕರ ಹೆಸರು

ಸಿಂದಗಿಯ ಕಾಲೇಜಿನಲ್ಲಿ ಬಿ.ಕಾಂ. ಕೊನೆಯ ವರ್ಷದವರಿಗೆ ಉದ್ಯಮಶೀಲತೆಯ ಪಾಠ ಹೇಳುತ್ತಿದ್ದ ಅನೀಲಕುಮಾರ ಸರ್, ಆ ಸಲ ಎಲ್ಲರೂ ನಿಜವಾದ ವ್ಯಾಪಾರ ಮಾಡಿಯೇ ತೋರಿಸಬೇಕೆಂದರು. ಇಬ್ಬಿಬ್ಬರು ಸೇರಿ ಏನಾದರೊಂದು ತಯಾರಿಸಬೇಕು, ಕಾಲೇಜಿನ ಸಂತೆಯಲ್ಲಿ ಮಾರಬೇಕು. ಯಶೋಧಾಗೆ ಮೊದಲು ಖುಷಿಯೇ ಆಯಿತು. ದೇವಣಗಾಂವದ ಮನೆಯಲ್ಲಿ ಅವಳ ಅವ್ವ ಸೀತವ್ವ ಬಡಿಯುವ ಖಡಕ್ ರೊಟ್ಟಿ ಹಪ್ಪಳದಷ್ಟು ತೆಳು, ತಿಂಗಳಿಟ್ಟರೂ ಮೆತ್ತಗಾಗುತ್ತಿರಲಿಲ್ಲ. ಅಷ್ಟರಲ್ಲಿ ಸರ್ ಹಲಗೆಯ ಕಡೆ ತಿರುಗಿ ಇನ್ನೊಂದು ಸಾಲು ಬರೆದರು: ತಿನ್ನುವ ಪದಾರ್ಥವಾದರೆ ಪಾಕೀಟಿನ ಮೇಲೆ ತಯಾರಕರ ಪೂರ್ತಿ ಹೆಸರು, ಊರು ಇರಲೇಬೇಕು.

ಯಶೋಧಾ ಅವ್ವನ ಪೂರ್ತಿ ಹೆಸರನ್ನು ಮನಸ್ಸಿನಲ್ಲೇ ಬರೆದು ನೋಡಿದಳು: ಸೀತವ್ವ ರಾವಸಾಬ ಬನಸೋಡೆ, ದೇವಣಗಾಂವ. ಈ ಸೀಮೆಯಲ್ಲಿ ಆ ಅಡ್ಡಹೆಸರು ಓದಿದವರು ಮತ್ತೇನನ್ನೂ ಕೇಳಬೇಕಾಗಿರಲಿಲ್ಲ. ಅವಳ ಅಜ್ಜನ ಕಾಲಕ್ಕೇ ಓಣಿಯವರೆಲ್ಲ ಬೌದ್ಧರಾಗಿದ್ದರು. ಊರಿನವರ ಬಾಯಲ್ಲಿ ಮಾತ್ರ ಓಣಿ ಹಳೆಯ ಹೆಸರಿನಲ್ಲೇ ಉಳಿದಿತ್ತು. ಆ ಓಣಿಯ ಕೈಯಡುಗೆಯನ್ನು ದೊಡ್ಡ ಮನೆಗಳವರು ಮುಟ್ಟುವುದಿಲ್ಲವೆಂದು ಅವಳಿಗೆ ಯಾರೂ ಕೂರಿಸಿಕೊಂಡು ಹೇಳಿರಲಿಲ್ಲ. ಆದರೂ ಗೊತ್ತಿತ್ತು. ಅಪ್ಪ ರಾವಸಾಬ ಮದುವೆಗೆ ಮುಂಚೆ ಬಸ್ ನಿಲ್ಲುವ ಕಡೆ ಚಹಾದ ಗಾಡಿ ಹಾಕಿದ್ದನಂತೆ. ಓಣಿಯವರ ಹೊರತು ಯಾರೂ ಬರದೆ, ಮಳೆಗಾಲಕ್ಕೆ ಮೊದಲೇ ಗಾಡಿ ಮಾರಿದನಂತೆ. ಆಮೇಲೆ ಊರಿನ ರೇವಪ್ಪಗೌಡರ ಕಬ್ಬಿಗೆ ನೀರು ಹಾಯಿಸುವ ಕೆಲಸ ಹಿಡಿದವನು ಇವತ್ತಿಗೂ ಅದನ್ನೇ ಮಾಡುತ್ತಿದ್ದ.

ಜೋಡಿಯಾಗಿದ್ದ ಗೆಳತಿ ರಾಜೇಶ್ವರಿಗೆ ಎಲ್ಲ ಗೊತ್ತಿತ್ತು. ಅವಳು ಸಿಂದಗಿಯ ಬಿರಾದಾರ ಮನೆತನದ ಹುಡುಗಿ. ಎರಡು ಸಲ ದೇವಣಗಾಂವಕ್ಕೆ ಬಂದು ಸೀತವ್ವನ ಒಲೆಯ ಮುಂದೆ ಕೂತು ಉಂಡಿದ್ದಳು. ತನ್ನ ಮನೆಯಲ್ಲಿ ಹೇಳಿರಲಿಲ್ಲ ಅಷ್ಟೇ.

"ನನ್ನ ಹೆಸರು ಹಾಕೂಣು," ಎಂದಳು. "ಯಾರ ಹೆಸರಾದರೇನ, ಸರ್ ಮಾರ್ಕ್ಸ್ ಕೊಟ್ರ ಮುಗೀತು."

ಯಶೋಧಾ ಹೂಂ ಅಂದಳು. ಅಂದ ಮೇಲೆ ಸಮಾಧಾನವೂ ಆಯಿತು, ಎಲ್ಲೋ ಚುಚ್ಚಿದಂತೆಯೂ ಆಯಿತು.

ಸಂತೆಯ ದಿನ ಪಾಕೀಟುಗಳೆಲ್ಲ ಮಧ್ಯಾಹ್ನದೊಳಗೇ ಖಾಲಿಯಾದವು. ಅವುಗಳಲ್ಲೊಂದು ರಾಜೇಶ್ವರಿಯ ಅವ್ವನ ಸೋದರತ್ತೆ, ಬಸವನ ಬಾಗೇವಾಡಿಯ ರುಕ್ಮವ್ವನ ಕೈ ಸೇರಿತು. ಹೊಸ ಮನೆಯ ವಾಸ್ತುಶಾಂತಿಗೆ ಇಂಥವೇ ರೊಟ್ಟಿ ಬೇಕು, ಹುಡುಗಿಯರೇ ತಂದುಕೊಡಬೇಕು ಎಂದು ಆಕೆ ಹೇಳಿಕಳಿಸಿದಳು. ಸರ್ ಹಿಗ್ಗಿಹೋದರು. ಊರ ಹೊರಗಿನ ಮೊದಲ ಗಿರಾಕಿ ಎಂದು ತರಗತಿಯಲ್ಲಿ ಎಲ್ಲರೆದುರು ಚಪ್ಪಾಳೆ ಹೊಡೆಸಿದರು. ಯಶೋಧಾ ತಲೆ ಎತ್ತಲಿಲ್ಲ.

ರಾವಸಾಬನಿಗೆ ಸುದ್ದಿ ಹಿಡಿಸಲಿಲ್ಲ. "ಮಂದಿ ದೇವರ ಕಾರ್ಯ ಐತಿ ಅದು," ಎಂದ. "ನಾಳಿ ಗೊತ್ತಾದ್ರ ಯಾರ ಮೈಮ್ಯಾಲ ಬರತೈತಿ?"

"ಬಾಗೇವಾಡಿಯಾಗ ನಮ್ಮನ್ನ ಯಾರು ಬಲ್ಲರು, ಅಪ್ಪ?" ಎಂದಳು ಮಗಳು. ಕೇಳಿದ್ದು ಅಪ್ಪನನ್ನೋ ತನ್ನನ್ನೋ ಅವಳಿಗೇ ತಿಳಿಯಲಿಲ್ಲ. ಸೀತವ್ವ ಮಾತ್ರ ಹಿಟ್ಟು ನಾದತೊಡಗಿದಳು.

ಬಸ್ಸಿನಲ್ಲಿ ರಾಜೇಶ್ವರಿಯ ಪಕ್ಕ ಕೂತ ಯಶೋಧಾ ಹೂವಿನ ಹಿಪ್ಪರಗಿ ದಾಟುವವರೆಗೂ ರೊಟ್ಟಿಯ ಗಂಟನ್ನು ತೊಡೆಯಿಂದ ಕೆಳಗಿಡಲಿಲ್ಲ. ಬಾಗೇವಾಡಿಯ ಆ ಮನೆಯಲ್ಲಿ ಬಾಗಿಲಿಗೆ ತೋರಣ, ಅಂಗಳದಲ್ಲಿ ಪೆಂಡಾಲು. ರಾಜೇಶ್ವರಿಯ ಮನೆಯವರು ಸಂಜೆಗೆ ಬರುವವರಿದ್ದರು. ರುಕ್ಮವ್ವ ಗಂಟು ಬಿಚ್ಚಿಸಿ, ಒಂದು ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ಚೂರು ಮುರಿದು ಬಾಯಿಗೆ ಹಾಕಿಕೊಂಡಳು.

"ಭಾಳ ಛಲೋ ಆಗ್ಯಾವ," ಎಂದಳು. ಆಮೇಲೆ ಯಶೋಧಾಳ ಕಡೆ ನೋಡಿ, "ನೀ ಯಾರ ಪೈಕಿ ಯವ್ವಾ?" ಎಂದು ಕೇಳಿದಳು.

ಆ ಪ್ರಶ್ನೆಗಾಗಿ ಅವಳು ನಾಲ್ಕು ದಿನದಿಂದ ಉತ್ತರ ಹುಡುಕುತ್ತಿದ್ದಳು. ಈಗ ಬಗ್ಗಿ ಗಂಟಿನ ತುದಿ ಸರಿಮಾಡತೊಡಗಿದಳು. 

"ನಮ್ಮ ಕಾಲೇಜಿನ ಗೆಳತಿ, ಆಯಿ," ಎಂದು ರಾಜೇಶ್ವರಿ ನಡುವೆ ಬಂದಳು. "ರೊಟ್ಟಿ ನಮ್ಮ ಮನ್ಯಾಗ ಮಾಡಿದ್ದು."

ರುಕ್ಮವ್ವ ತಲೆಯಾಡಿಸಿ ಒಳಗೆ ಹೋದಳು. ಊಟದ ಪಂಕ್ತಿ ಕೂತಿತು. ಹುಗ್ಗಿ, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಚಟ್ನಿ, ಮೇಲೆ ಸೀತವ್ವನ ರೊಟ್ಟಿ. ಪೆಂಡಾಲಿನ ತುಂಬ ರೊಟ್ಟಿ ಮುರಿಯುವ ಸದ್ದು. ಯಶೋಧಾ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಅದನ್ನೇ ಕೇಳುತ್ತಿದ್ದಳು. ಎದೆ ಸ್ವಲ್ಪ ಹಗುರಾಗುತ್ತಿದೆ ಅನ್ನುವಷ್ಟರಲ್ಲಿ ಬಿಳಿ ಟೋಪಿಯ ಒಬ್ಬ ಮನುಷ್ಯ ಕೈ ತೊಳೆಯಲು ಆ ಕಡೆ ಬಂದ. ರೇವಪ್ಪಗೌಡ. ಈ ಮನೆಗೂ ಅವನಿಗೂ ನೆಂಟಸ್ತಿಕೆ ಇದ್ದೀತೆಂದು ಅವಳು ಎಣಿಸಿರಲಿಲ್ಲ.

ಅವಳು ಹಿಂದೆ ಸರಿಯಲು ನೋಡಿದಳು. ಅಷ್ಟರಲ್ಲಿ ಅವನ ಕಣ್ಣಿಗೆ ಬಿದ್ದಾಗಿತ್ತು.

"ನೀ ನಮ್ಮ ರಾವಸಾಬನ ಮಗಳಲ್ಲೇನ?" ಎಂದ ಗೌಡ. ಮೂಲೆಯಲ್ಲಿದ್ದ ರೊಟ್ಟಿಯ ಖಾಲಿ ಗಂಟನ್ನು ನೋಡಿದ, ತನ್ನ ಬಲಗೈ ನೋಡಿಕೊಂಡ. ಮುಖ ನಿಧಾನಕ್ಕೆ ಬಿಗಿಯಿತು. ಸೀತವ್ವನ ರೊಟ್ಟಿಯ ಹೆಸರು ದೇವಣಗಾಂವದಲ್ಲಿ ಕೇಳದವರಿರಲಿಲ್ಲ. "ರುಕ್ಮವ್ವಕ್ಕ," ಎಂದು ಕರೆದ. "ಈ ರೊಟ್ಟಿ ಯಾರ ಮನೀವು?"

ರಾಜೇಶ್ವರಿ ಓಡಿ ಬಂದು ನಮ್ಮ ಮನೆಯವು ಅಂದಳು. ಗೌಡ ಅವಳ ಕಡೆ ನೋಡಲೇ ಇಲ್ಲ. ಓಣಿಯ ಹಳೆಯ ಹೆಸರನ್ನು ಸಣ್ಣ ದನಿಯಲ್ಲಿ ಹೇಳಿದ. ಕೈಯಲ್ಲಿ ಚಟ್ನಿಯ ಬೋಗುಣಿ ಹಿಡಿದಿದ್ದ ಹೆಂಗಸು ನಿಂತಲ್ಲೇ ನಿಂತಳು.

ಹೊಡೆಯುತ್ತಾರೆ ಅಂದುಕೊಂಡಳು ಯಶೋಧಾ. ಬೆನ್ನು ತಾನಾಗಿಯೇ ಬಾಗಿತು. ಪೆಂಡಾಲಿನಲ್ಲಿ ಉಣ್ಣುತ್ತಿದ್ದವರೆಲ್ಲ ಎದ್ದು ತನ್ನ ಕಡೆಗೇ ಬಂದಂತೆ ಕಂಡಿತು. ಯಾರೂ ಎದ್ದಿರಲಿಲ್ಲ. ರುಕ್ಮವ್ವ ಮೊದಲು ಪಂಕ್ತಿಯ ಕಡೆ, ಆಮೇಲೆ ಗೌಡನ ಕಡೆ ನೋಡಿದಳು. ಮುದುಕಿಯ ಮುಖ ಬಿಳಿಚಿತ್ತು. ಆಕೆಗೂ ಭಯ, ಬೇರೆಯದೇ ಭಯ.

"ಸುಮ್ನಿರು ರೇವಪ್ಪ," ಎಂದಳು ಪಿಸುದನಿಯಲ್ಲಿ. "ಬೀಗರು ಉಣ್ಣಾಕ ಕುಂತಾರ. ಪಂಕ್ತಿ ಎದ್ರ ನಮ್ಮ ಮನಿ ಮಾನ ಹೋಗತೈತಿ. ನೀನೂ ಉಂಡಿ, ಅವ್ರೂ ಉಂಡ್ರು. ಬಾಯಿ ಬಿಡಬ್ಯಾಡ."

ಗೌಡ ಕೈ ತೊಳೆದುಕೊಂಡು ಹೊರಗೆ ಹೋದ. ಊಟ ನಡೆಯಿತು. ರುಕ್ಮವ್ವ ಹುಡುಗಿಯರಿಬ್ಬರನ್ನೂ ಹಿತ್ತಲ ಬಾಗಿಲಿಂದ ಕಳಿಸಿದಳು. "ಮೊದಲ ಹೇಳಬೇಕಿತ್ತವಾ," ಎಂದಳು. ಹೇಳಿದ್ದರೆ ಏನು ಮಾಡುತ್ತಿದ್ದಳೆಂದು ಹೇಳಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ರಾಜೇಶ್ವರಿ ಅಳತೊಡಗಿದಳು. ಯಶೋಧಾಗೆ ಅಳು ಬರಲಿಲ್ಲ. ಗೌಡನ ಬಳಿ ಮೋಟಾರ್ ಸೈಕಲ್ ಇದೆ, ತನಗಿಂತ ಮೊದಲೇ ಊರು ಸೇರುತ್ತಾನೆ ಎಂಬುದೊಂದೇ ಅವಳ ತಲೆಯಲ್ಲಿ. ಅವ್ವನಿಗೆ ಫೋನ್ ಹಚ್ಚಿದಳು. ರಿಂಗಾಯಿತು, ಎತ್ತಲಿಲ್ಲ. ಸಿಂದಗಿಯಲ್ಲಿ ಬಸ್ ಬದಲಿಸುವಾಗ ಮತ್ತೆ ಹಚ್ಚಿದಳು. ಎತ್ತಲಿಲ್ಲ. ಕಿಟಕಿಯಾಚೆ ತೊಗರಿ, ಹತ್ತಿ, ಕಬ್ಬು ಹಿಂದೆ ಸರಿಯುತ್ತಿದ್ದವು. ಓಣಿಯ ಬಾಯಿಯಲ್ಲಿ ಗುಂಪು ಸೇರಿದೆ, ಒಲೆ ಕೆಡವಿದ್ದಾರೆ, ಅಪ್ಪ ಕೈ ಮುಗಿದು ನಿಂತಿದ್ದಾನೆ, ಹೀಗೆ ಒಂದಾದ ಮೇಲೊಂದು ಚಿತ್ರ ಕಣ್ಣಿಗೆ ಬರುತ್ತಲೇ ಇತ್ತು. ಊರು ಬಂದದ್ದೇ ತಿಳಿಯಲಿಲ್ಲ. ಕಂಡಕ್ಟರ್ ಎರಡು ಸಲ ಕೂಗಬೇಕಾಯಿತು.

ಓಣಿಯಲ್ಲಿ ಗುಂಪಿರಲಿಲ್ಲ. ಅವ್ವ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಫೋನ್ ಒಳಗೆ ಚಾರ್ಜಿಗೆ ಹಾಕಿತ್ತು.

"ಗೌಡ ಬಂದಿದ್ದ," ಎಂದಳು ಸೀತವ್ವ. "ಓಣಿ ಬಾಯಾಗ ನಿಂತ ನಿಮ್ಮಪ್ಪನ್ನ ಕರಸಿ, ನಾಳಿಯಿಂದ ನೀರು ಹಾಯ್ಸಾಕ ಬರಬ್ಯಾಡ ಅಂದು ಹ್ವಾದ."

ಯಶೋಧಾ ಅಲ್ಲೇ ಕೂತಳು. ಆಗ ಬಂತು ಅಳು. ಗೋಡೆಗೆ ಒರಗಿ ಕೂತಿದ್ದ ಅಪ್ಪ ಎದ್ದು ಬಂದು ಪಕ್ಕದಲ್ಲಿ ಕೂತ. ಬಯ್ಯುತ್ತಾನೆಂದು ಕಾದಳು. ಬಯ್ಯಲಿಲ್ಲ.

"ಇಷ್ಟು ವರ್ಷ ಇದು ಯಾವತ್ತ ಆಗತೈತೋ ಅಂತ ಅಂಜಕೋತ ಬಂದೆ," ಎಂದ. "ಆತು ನೋಡು ಇವತ್ತ. ಹುಸೇನಸಾಬರ ತ್ವಾಟದಾಗ ಆಳು ಬೇಕಂತ. ನಾಳಿ ಹೋಗಿ ಕೇಳತೇನಿ."

 ಸೀತವ್ವ ಮೊರ ಪಕ್ಕಕ್ಕಿಟ್ಟು ಕೇಳಿದಳು: "ಬಸ್ಸಿನ್ಯಾಗ ರೊಟ್ಟಿ ಮುರದಿದ್ದಿಲ್ಲಲಾ?"

"ಇಲ್ಲವಾ."

"ಉಂಡವರು ಏನಂದ್ರು?"

"ಛಲೋ ಆಗ್ಯಾವ ಅಂದ್ರು."

"ಮತ್ತ?" ಎಂದಳು ಸೀತವ್ವ. ಮೊರವನ್ನು ಮತ್ತೆ ಹತ್ತಿರ ಎಳೆದುಕೊಂಡಳು.

ಮರುದಿನ ಯಶೋಧಾ ಸರ್‌ಗೆ ನಡೆದದ್ದನ್ನೆಲ್ಲ ಹೇಳಿದಳು. ಅನೀಲಕುಮಾರ ಸರ್ ಬಹಳ ಹೊತ್ತು ಮೇಜಿನ ಮೇಲಿನ ಪುಸ್ತಕವನ್ನೇ ತಿರುವುತ್ತಿದ್ದರು. ಉದ್ಯಮದ ಅಪಾಯಗಳು ಎಂಬ ಪಾಠವನ್ನು ಅವರು ವರ್ಷವರ್ಷವೂ ಮಾಡಿದ್ದರು. ಅದರಲ್ಲಿ ಬೆಂಕಿ, ಪೈಪೋಟಿ, ಕೆಟ್ಟ ಸರಕು ಎಲ್ಲ ಇತ್ತು, ಇದು ಇರಲಿಲ್ಲ. ಕೊನೆಗೆ, "ಇಂಡಿ ಪ್ಯಾಟ್ಯಾಗ ಮುಂದಿನ ಮಾರಾಟ ಐತೆವಾ. ಬೇಕಿದ್ರ ಕಾಲೇಜಿನ ಹೆಸರಷ್ಟ ಹಾಕು. ನಾ ಮಾರ್ಕ್ಸ್ ಕಡಿಮಿ ಮಾಡಂಗಿಲ್ಲ," ಎಂದರು.

"ನಮ್ಮವ್ವನ ಹೆಸರ ಹಾಕ್ತೇನ್ರಿ, ಸರ್," ಎಂದಳು. ಅಂದಾದ ಮೇಲೆ ಹೊರಗೆ ಬಂದು ನಲ್ಲಿಯ ಹತ್ತಿರ ವಾಂತಿ ಮಾಡಿಕೊಂಡಳು.

ಇಂಡಿಯ ಮಾರಾಟದ ದಿನ ರಾಜೇಶ್ವರಿ ಬರುತ್ತಾಳೆಂದು ಅವಳಿಗೆ ಖಾತ್ರಿಯಿರಲಿಲ್ಲ. ಬಾಗೇವಾಡಿಯ ಸುದ್ದಿ ಸಿಂದಗಿಗೆ ತಲುಪಿ, ಅವಳ ಮನೆಯಲ್ಲಿ ದೊಡ್ಡ ಗದ್ದಲವೇ ಆಗಿತ್ತು. ಬಸ್ ಹೊರಡುವ ಹೊತ್ತಿಗೆ ಓಡಿ ಬಂದು ಹತ್ತಿದಳು. "ಲೈಬ್ರರಿಗಿ ಹೋಗ್ತೇನಂತ ಹೇಳೇನಿ," ಎಂದಳು, ಏದುಸಿರು ಬಿಡುತ್ತ. ಆಮೇಲೆ, "ಅವತ್ತ ನಮ್ಮ ಮನೀವು ಅಂದೆನಲ್ಲ, ನಿನ್ನ ಕೇಳಬೇಕಿತ್ತು," ಎಂದಳು.

ಯಶೋಧಾ ಅವಳ ಕೈ ಹಿಡಿದುಕೊಂಡಳು. 

ಲಿಂಬೆಯ ಮಾರುಕಟ್ಟೆಯ ಪಕ್ಕದಲ್ಲಿ ಮೇಜು ಹಾಕಿದ್ದರು. ಮೊದಲು ಬಂದ ದಂಪತಿ ಪಾಕೀಟು ಎತ್ತಿ ತಿರುವಿ ಓದಿದರು. ಗಂಡ ಹೆಂಡತಿಯ ಮುಖ ನೋಡಿದ, ಪಾಕೀಟನ್ನು ಮೆಲ್ಲಗೆ ಇದ್ದಲ್ಲೇ ಇಟ್ಟರು.  ಯಶೋಧಾಗೆ ಮೇಜು ಮಡಚಿ ಹೋಗಿಬಿಡೋಣ ಅನ್ನಿಸಿತು. ಒಬ್ಬ ಮಾಸ್ತರರು ಹೆಸರು ನೋಡದೆಯೇ ಕೊಂಡು ಹೋದರು. ಇನ್ನೊಬ್ಬಾಕೆ ಓದಿ, ನಕ್ಕು, ಎರಡು ಕೊಂಡಳು. ಆ ನಗು ಎಂಥದೆಂದು ಇವರಿಗೆ ಅರ್ಥವಾಗಲಿಲ್ಲ. ಇಬ್ಬರು ಮೂವರು ಮುಟ್ಟಿ ನೋಡಿ ಮುಂದೆ ಹೋದರು. ಮಧ್ಯಾಹ್ನ ಮೂರಾದರೂ ಅರ್ಧ ಸರಕು ಹಾಗೇ ಇತ್ತು.

ಆಗ ಬಸ್ ಸ್ಟ್ಯಾಂಡಿನ ಹತ್ತಿರ ಖಾನಾವಳಿ ನಡೆಸುವ ಮಾಬುಬಿ ಬಂದಳು. ಒಂದು ಪಾಕೀಟು ಒಡೆದು ಅಲ್ಲೇ ನಿಂತು ತಿಂದಳು, ಇನ್ನೊಂದು ರೊಟ್ಟಿ ತೆಗೆದು ಮುರಿದು ಸದ್ದು ಕೇಳಿದಳು.

"ಯಾರು ಮಾಡ್ತಾರ ಇದನ್ನ?"

ಯಶೋಧಾ ಪಾಕೀಟಿನ ಮೇಲಿನ ಹೆಸರಿಗೆ ಬೆರಳಿಟ್ಟಳು. "ನಮ್ಮವ್ವರಿ," ಎಂದಳು. "ದೇವಣಗಾಂವದಾಗ."

"ನಮ್ಮ ರೊಟ್ಟಿಯಾಕಿ ಮಗಳ ಬಾಣಂತನಕ್ಕ ಹ್ವಾದಾಕಿ ಬರವಲ್ಲಳು. ದಿನಾ ಮುಂಜಾನಿ ಬಸ್ಸಿಗಿ ಕಳಸಾಕ ಆಗತೈತೇನ? ಒಂದಿನಾ ತಪ್ಪಿಸಿದ್ರ ನಡಿಯಂಗಿಲ್ಲ ಮತ್ತ. ಗಿರಾಕಿ ನನ್ನ ತಿಂದಹಾಕ್ತಾರ."

ರಾಜೇಶ್ವರಿ ಅವಳ ಬೆನ್ನು ತಿವಿದಳು. ದಿನಾ ಎಂದರೆ ಎಷ್ಟು ಹಿಟ್ಟು, ಅವ್ವನೊಬ್ಬಳಿಂದ ಆದೀತೇ, ಬಸ್ ತಪ್ಪಿದರೆ ಗತಿಯೇನು ಎಂದು ಯಶೋಧಾಗೆ ಹೊಸದಾಗಿ ಅಂಜಿಕೆ ಹತ್ತಿತು.

"ಅವ್ವನ್ನ ಕೇಳಿ ಹೇಳ್ತೇನ್ರಿ," ಎಂದು ಫೋನ್ ತೆಗೆದಳು.