ಆಲೇಖದ ಎರಡನೇ ಗುಡ್ಡ

ಜಮಖಂಡಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ಹಾಲೇಶನ ಪಿಎಚ್.ಡಿ. ನಿಂತಿದ್ದು ಒಂದು ಚಿಟಿಕೆ ಕಲ್ಲುಪುಡಿಯ ಮೇಲೆ. ಮುಧೋಳ ಕಡೆಯ ಸುಣ್ಣಕಲ್ಲಿನ ಹರಳನ್ನು ಪುಡಿಮಾಡಿ ಕಾಯಿಸಿದರೆ ಅದು ಮಂದವಾಗಿ ಬೆಳಗುತ್ತದೆ. ಹರಳಿನೊಳಗಿನ ಕುಣಿ-ಗುಂಡಿಗಳಲ್ಲಿ ಸಿಕ್ಕಿಬಿದ್ದ ಎಲೆಕ್ಟ್ರಾನುಗಳು ಕಾವು ತಾಗಿ ಹೊರಬೀಳುತ್ತವೆ, ಅದರಿಂದ ಬೆಳಕು. ಎಷ್ಟು ಕಾವಿಗೆ ಎಷ್ಟು ಬೆಳಕು ಎಂದು ಮೊದಲೇ ಲೆಕ್ಕ ಹಾಕಿ ಹೇಳುವುದು ಹಾಲೇಶನ ಕೆಲಸ. ಅವನ ಲೆಕ್ಕದಂತೆ ಆಲೇಖದಲ್ಲಿ ಒಂದೇ ಗುಡ್ಡ ಏಳಬೇಕಿತ್ತು. ವಿಶ್ವವಿದ್ಯಾಲಯದ ಯಂತ್ರದಲ್ಲಿ ಕಾಯಿಸಿದಾಗ ಎರಡು ಎದ್ದವು.

ತಪ್ಪು ತನ್ನದೇ ಎಂಬುದರಲ್ಲಿ ಹಾಲೇಶನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಯಾರೋ ಅವನ ಕಾಲು ತುಳಿದರೂ ಕ್ಷಮೆ ಕೇಳುವವನು ಅವನೇ. ಮೂರು ತಿಂಗಳು ಕೂತು, ಹರಳಿನಲ್ಲಿ ಇನ್ನೊಂದು ಬಗೆಯ ಕುಣಿಯಿದೆ ಎಂದು ಊಹಿಸಿ, ಸಮೀಕರಣಕ್ಕೆ ನಾಲ್ಕು ಹೊಸ ಸಂಖ್ಯೆ ಸೇರಿಸಿದ. ಯಂತ್ರದ ಗೆರೆಯ ಮೇಲೆ ಲೆಕ್ಕದ ಗೆರೆ ಸರಿಯಾಗಿ ಕೂತಿತು. ಮಾರ್ಗದರ್ಶಕ ವೀರೇಶ ಸರ್ ಖುಷಿಯಾದರು. ಸೋಮವಾರ ಮಂಡಿಸಿ ಒಪ್ಪಿಗೆ ಪಡೆಯಬೇಕು. ಅವಧಿ ವಿಸ್ತರಣೆ ಇನ್ನು ಸಿಗುವುದಿಲ್ಲ.

ಸೋಮವಾರ ಬೆಳಿಗ್ಗೆ, ಇನ್ನೊಮ್ಮೆ ಕಾಯಿಸಿ ತೋರಿಸಲು ಒಯ್ಯಬೇಕಿದ್ದ ಹೊಸ ಪುಡಿಯ ಡಬ್ಬಿ ತಾಯಿ ಲಗಮವ್ವನ ಕೈಯಲ್ಲಿತ್ತು. ಮುಚ್ಚಳ ತೆಗೆದು ಬೀರಪ್ಪನ ಭಂಡಾರ, ಅಂದರೆ ಗುಡಿಯ ಅರಿಷಿಣಪುಡಿ, ಉದುರಿಸುತ್ತಿದ್ದಳು.

"ಏನ್ ಮಾಡಾಕತ್ತಿ ಯವ್ವಾ?"

"ಊರ ದಾಟಿ ಹೊಂಟೈತಿ. ಭಂಡಾರ ಇಲ್ಲದ ಹಂಗ ಕಳಸೂದೇನು? ಹೋದ ಸಲಾನೂ ಹಾಕಿದ್ನಿ."

"ಎಷ್ಟ?"

"ದೇವರದ ಯಾರರ ಅಳೀತಾರೇನಲೇ?"

ಆ ಕಲ್ಲುಪುಡಿಯೇ ತುಸು ಹಳದಿ, ಯಾರಿಗೂ ಗೊತ್ತಾಗಿರಲಿಲ್ಲ. ಹಾಲೇಶ ಬಸ್ಸು ಹತ್ತಿದ. ಹೇಳದಿದ್ದರೆ ಪದವಿ ಬರುತ್ತದೆ, ಅರಿಷಿಣದ ಬಗ್ಗೆ ಕೇಳುವವರಾದರೂ ಯಾರು? ಮುಧೋಳ ದಾಟುವವರೆಗೆ ಹೀಗೆ ಸಮಾಧಾನ ಮಾಡಿಕೊಂಡ. ಆಮೇಲೆ ಚೀಲದಿಂದ ಹಾಳೆ ತೆಗೆದು ಆ ನಾಲ್ಕು ಹೊಸ ಸಂಖ್ಯೆಗಳ ಮೇಲೆ ಗೆರೆ ಎಳೆದ.

ವಿಶ್ವವಿದ್ಯಾಲಯದಲ್ಲಿ ಎಲ್ಲರೂ ಕೂತ ಮೇಲೆ ಎದ್ದು ನಿಂತು, "ಎರಡನೇ ಗುಡ್ಡ ಅರಿಷಿಣದ್ದ ಇರಬೇಕ್ರೀ ಸರ್," ಎಂದ. ನಡೆದದ್ದನ್ನೆಲ್ಲ ಹೇಳಿದ.

ವೀರೇಶ ಸರ್ ಕನ್ನಡಕ ತೆಗೆದರು. "ಅರಿಷಿಣದಾಗಿನ ಕುಣಿ ಎಷ್ಟ ಆಳ ಐತಿ ಅಂತ ಲೆಕ್ಕ ಹಾಕೀರಿ."

"ಹೌದ್ರೀ."

"ಮೂರ ದಶಾಂಶದ ತನಕ."

"ತಪ್ಪಾತ್ರೀ."

"ನಾನೂ ಛಲೋ ಐತಿ ಅಂದಿದ್ನಿ, ಕೂಡ್ರಿ. ಸ್ವಚ್ಛ ಪುಡಿ ತರ್ರಿ. ಒಂದ ಗುಡ್ಡ ಬಂದ್ರ ನಿಮ್ಮ ಮೊದಲಿನ ಲೆಕ್ಕಾನ ಖರೆ. ಅದನ್ನ ಸಲ್ಲಿಸೂಣು."

ಎರಡು ವಾರದ ಮೇಲೆ ಮನೆಯ ಗಾಳಿ ಸೋಕದ ಪುಡಿಯನ್ನು ಕಾಯಿಸಿದರು. ಒಂದೇ ಗುಡ್ಡ, ಹಾಲೇಶ ಮೊದಲು ಹೇಳಿದ್ದ ಜಾಗದಲ್ಲೇ. ಸರ್ ಸಹಿ ಹಾಕಿದರು. ಹಾಲೇಶ ಹೊರಗೆ ಬಂದು ಮನೆಗೆ ಫೋನ್ ಮಾಡಿದ.

"ಯವ್ವಾ, ಒಂದ ಗುಡ್ಡ ಬಂತು."



"ನಾ ಹಾಕಿದಾಗ ಎರಡ ಬಂದಿದ್ವು," ಎಂದಳು ಲಗಮವ್ವ. "ಇರಲಿ ಬಿಡ, ಮನಸಿಗೆ ಹಚಗೋಬ್ಯಾಡ. ಊಟಕ್ಕ ಬಾ."