ಹಲ್ಲಿಗೆ ರಜೆ

ತಟ್ಟೆಯಲ್ಲಿ ವಾಪಸ್ ಬಂದ ಮುದ್ದೆಯನ್ನು ಶೋಭಾರಾಣಿ ಕಿಟಕಿಯ ಬೆಳಕಿಗೆ ಹಿಡಿದಳು. ಅಂಚಿನಲ್ಲಿ ಹಲ್ಲಿನ ಗುರುತು ಅರ್ಧಚಂದ್ರನಂತೆ ಮೂಡಿತ್ತು.

"ಅತ್ತೆ, ಇದನ್ನ ಸೇಬಿನ ತರ ಕಚ್ಚಿದಾರೆ."

ಲಕ್ಷ್ಮಮ್ಮ ಕನ್ನಡಕ ಮೇಲೇರಿಸಿ ಶವಪರೀಕ್ಷೆ ನಡೆಸಿದಳು. "ಕಚ್ಚಿ ಅಗ್ದವ್ರೆ. ಅಗದ್ರೆ ಬಾಯ್ಗೆಲ್ಲಾ ಮೆತ್ಕಂತದೆ. ಮುದ್ದೆ ನುಂಗಾದು ಅಂತ ಯಾರೂ ಏಳ್ಲಿಲ್ವಾ ಈ ಮಕ್ಳಿಗೆ?"

ಯಾರೂ ಹೇಳಿರಲಿಲ್ಲ. ವೈಟ್‌ಫೀಲ್ಡಿನ ಈ ಮನೆಯವರು ನಡೆಸುವ ಲೇಡೀಸ್ ಪಿಜಿಗೆ ನಾಲ್ಕು ವರ್ಷ, ಒಳಗೆ ನಲವತ್ತು ಹುಡುಗಿಯರು, ಹೆಚ್ಚಿನವರು ಹೊರರಾಜ್ಯದವರು. ಪ್ರತಿ ಭಾನುವಾರ ಮಧ್ಯಾಹ್ನ ಮುದ್ದೆ, ಬಸ್ಸಾರು. ಪ್ರತಿ ಭಾನುವಾರವೂ ಸಾರು ಖಾಲಿ, ಮುದ್ದೆ ಹಾಗೇ.

"ತಿನ್ನೋರು ಅವ್ರು ಕಣೇ ಶೋಭಾ," ಎಂದ ಗಂಡ ರಾಮಾಂಜಿನಪ್ಪ. "ಮುಂದಿನ ವಾರ ಊಟಕ್ಕೆ ಕೂತಾಗ ಕೈ ಎತ್ತಿಸ್ತೀನಿ. ಜಾಸ್ತಿ ಜನ ಬೇಡ ಅಂದ್ರೆ ಮುದ್ದೆ ಕಟ್. ಫ್ರೈಡ್ ರೈಸ್." ಹಿಂದೊಮ್ಮೆ ಪಂಚಾಯ್ತಿ ಮೆಂಬರ್ ಆಗಿದ್ದವನು, ಒಗ್ಗರಣೆಗೂ ಬಹುಮತ ಕೇಳುವ ಅಭ್ಯಾಸ ಬಿಟ್ಟಿರಲಿಲ್ಲ.

ಆ ಕಟ್ಟಡ ನಿಂತಿದ್ದೇ ಅವರ ರಾಗಿ ಹೊಲದ ಮೇಲೆ. ಹೊಲ ಬಿಟ್ಟ ರಾಗಿ ಈಗ ಆನೇಕಲ್ಲಿನಿಂದ ಚೀಲದಲ್ಲಿ ಬರುತ್ತಿತ್ತು. ಒಲೆಯನ್ನೂ ಬಿಟ್ಟರೆ ಆ ಜಾಗಕ್ಕೂ ರಾಗಿಗೂ ಇದ್ದ ಋಣವೇ ಹರಿದಂತೆ. ಅದನ್ನು ನೆನೆದರೆ ಶೋಭಾರಾಣಿಗೆ ತುತ್ತು ಇಳಿಯುತ್ತಿರಲಿಲ್ಲ.

ಪಿಯುಸಿಯಲ್ಲಿ ಕವಿತೆ ಬರೆದು ಸ್ಟೀಲ್ ಲೋಟ ಬಹುಮಾನ ಗೆದ್ದವಳು ಅವಳು. ಮದುವೆಯಾದ ಮೇಲೆ ಲೋಟ ಬಚ್ಚಲು ಸೇರಿತು, ಕವಿತೆ ಸಿಲಿಂಡರ್ ರಸೀದಿಯ ಬೆನ್ನು ಸೇರಿತು. ಮಾರನೆಯ ದಿನ ಅವಳು ಮಾರ್ಕರ್ ಹಿಡಿದು, ಊಟದ ಹಾಲ್‌ನ ಮೆನು ಬೋರ್ಡಿನ ಮೇಲೆ ಬರೆದಳು: 'ಓ ರಾಗಿಯೇ, ಕನ್ನಡಾಂಬೆಯ ಕೊರಳಿನ ಕಪ್ಪು ಮುತ್ತೇ...'

ಮೂರನೇ ಮಹಡಿಯ ಯಮುನಾ ಕಾಫಿ ಲೋಟ ಹಿಡಿದು ಬಂದು ಓದಿದಳು. ಕಲಬುರಗಿಯ ಹುಡುಗಿ, ತನ್ನ ಮ್ಯಾನೇಜರ್‌ನಿಂದ ಹಿಡಿದು ಮೆಟ್ರೋದಲ್ಲಿ ಬಾಗಿಲ ಎಚ್ಚರಿಕೆ ಕೊಡುವ ದನಿಯವರೆಗೆ ಯಾರನ್ನೂ ಬಿಡದೆ ಅಣಕಿಸುವವಳು. ಲೋಟವನ್ನೇ ಮೈಕು ಮಾಡಿಕೊಂಡು, ಹೊಟ್ಟೆ ಮುಂದಕ್ಕೆ ಚಾಚಿ, ನವೆಂಬರ್ ಒಂದರ ಮುಖ್ಯ ಅತಿಥಿಯ ಹಾಗೆ ಗಂಟಲು ಸರಿಮಾಡಿಕೊಂಡು, "ಓ ರಾ... ಗಿಯೇ..." ಎಂದಳು. ಮೈಕು ಕುಂಯ್ಯೆನ್ನುವ ಸದ್ದನ್ನೂ ತಾನೇ ಹಾಕಿದಳು.

ಶೋಭಾರಾಣಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಬ್ಯಾಸರ ಮಾಡ್ಕೋಬ್ಯಾಡ್ರಿ ಆಂಟಿ. ಇದು ಓದಿದ್ರ ಎದ್ದು ನಿಂದ್ರಬೇಕು ಅನಸ್ತದ. ಉಣಬೇಕು ಅನಸಂಗಿಲ್ಲ."

ಮಾತು ನಾಟಿತು. ಅವಳು ಬೋರ್ಡು ಒರೆಸಿದಳು. ಮಂಗಳವಾರ ಬರೆದಳು, ಒರೆಸಿದಳು. ಬುಧವಾರವೂ ಅಷ್ಟೇ. ಶುಕ್ರವಾರ ಸೊಪ್ಪು ಬಿಡಿಸುತ್ತಾ ಕೇಳಿದಳು, "ಅತ್ತೆ, ಈ ಮಕ್ಕಳಿಗೆ ಮೊದಲಿಂದ ಹೇಳ್ಕೊಡಬೇಕಂದ್ರೆ ನೀವು ಏನಂತ ಶುರು ಮಾಡ್ತೀರಾ?"

"ಅದೇನ್ ದೊಡ್ ಗ್ರಂಥವಾ ಶುರು ಮಾಡಾಕೆ? ಬೆರಳ್ನ ನೀರ್ಗದ್ದು, ಸುಡ್ತದೆ ಅಂತ."

ಶೋಭಾರಾಣಿ ಸೊಪ್ಪು ಕೆಳಗಿಟ್ಟು, ಆ ಮಾತನ್ನು ರಸೀದಿಯೊಂದರ ಬೆನ್ನಿಗೆ ಬರೆದುಕೊಂಡಳು.

ಭಾನುವಾರ ಮಧ್ಯಾಹ್ನ ಹುಡುಗಿಯರು ತಟ್ಟೆ ಹಿಡಿದು ಕೂರುವ ಹೊತ್ತಿಗೆ ಬೋರ್ಡು ತುಂಬಿತ್ತು. ಯಮುನಾ ಎದ್ದು, ಈ ಬಾರಿ ಲಕ್ಷ್ಮಮ್ಮನ ದನಿ ತೆಗೆದು, ಸೊಂಟದ ಮೇಲೆ ಕೈಯಿಟ್ಟು ಓದಿದಳು. ಒಂದೊಂದು ಸಾಲಿಗೂ ಹಿಂದಿಯಲ್ಲಿ ಅರ್ಥ ಹೇಳಿದಳು.

ಬೆರಳು ನೀರಿಗದ್ದು, ಸುಡುತ್ತೆ.
ಗೋಲಿಯಷ್ಟು ಮುರಿ,
ಸಾರಲ್ಲಿ ಒಂದು ಸುತ್ತು ಹೊರಳಿಸು.
ಹಲ್ಲಿಗೆ ಇವತ್ತು ರಜೆ.
ನಾಲಿಗೆ ಮೇಲಿಟ್ಟು ಬಿಟ್ಟುಬಿಡು,
ದಾರಿ ಅದಕ್ಕೆ ಗೊತ್ತು.
ನೀನು ಮಲಗೋ ಮಂಚದ ಕೆಳಗೆ
ನಮ್ಮ ರಾಗಿ ಹೊಲ ಇತ್ತು.
ನುಂಗು ಮಗಳೇ, ನೀನೂ ಈ ಊರವಳೇ.

ಒಬ್ಬಳು ಬಗ್ಗಿ ನೆಲದ ಟೈಲ್ಸ್ ನೋಡಿದಳು. ಹೋದ ವಾರದ ಅರ್ಧಚಂದ್ರ ತನ್ನದೇ ಎಂದು ಒಪ್ಪಿಕೊಂಡ ಕಾನ್ಪುರದ ರಿತಿಕಾ ಬೆರಳು ಅದ್ದಿದಳು, ಮುರಿದಳು, ಹೊರಳಿಸಿದಳು, ಕಣ್ಣು ಮುಚ್ಚಿದಳು. ಇಡೀ ಹಾಲ್ ಅವಳ ಗಂಟಲನ್ನೇ ನೋಡುತ್ತಿತ್ತು.

"ಗಯಾ," ಎಂದಳು ರಿತಿಕಾ, ತನಗೇ ನಂಬಿಕೆಯಾಗದವಳಂತೆ. ಹೋಯಿತು, ಎಲ್ಲೂ ಅಂಟಿಕೊಳ್ಳದೆ. ಮತ್ತೆ ಮುರಿದಳು.

ಆಮೇಲೆ ಒಂದೊಂದಾಗಿ ಬೆರಳುಗಳು ನೀರಿಗಿಳಿದವು. ಸಾರು ಸುರಿಯುವ ಸದ್ದು, "ಇನ್ನೊಂದು, ಆಂಟಿ" ಎಂಬ ಸದ್ದು, ಎರಡೇ.

ರಾಮಾಂಜಿನಪ್ಪ ಶರ್ಟಿನ ಕಾಲರ್ ಸರಿಮಾಡಿಕೊಂಡು ನಡುವೆ ಬಂದು ನಿಂತ. "ಮುದ್ದೆ ಬೇಡ ಅನ್ನೋರು ಕೈ ಎತ್ರಮ್ಮ."

ಎರಡು ಕೈ ಎದ್ದವು.

"ಬೇಕು ಅನ್ನೋರು?"

ಬಲಗೈಗಳಿಗೆ ಬಿಡುವಿರಲಿಲ್ಲ. ಎಡಗೈಗಳೆದ್ದವು, ಗೋಡೆಯಿಂದ ಗೋಡೆಗೆ. ಅವನು ಬೆರಳು ಮಡಚಿ ಎಣಿಸತೊಡಗಿದ. ಹನ್ನೆರಡಕ್ಕೆ ಬಂದಿದ್ದಾಗ ಒಳಗಿನಿಂದ ಲಕ್ಷ್ಮಮ್ಮ ಕೂಗಿದಳು.

"ಎಣ್ಸಿದ್ದು ಸಾಕು ಬಾರೋ ರಾಮಾಂಜಿ. ಪಾತ್ರೆ ಖಾಲಿ. ಎಸ್ರಿಟ್ಟು ಕೋಲ್ ಇಡ್ಕೋ."

"ನಾನಾ?"

"ಇನ್ನೇನ್, ನೀನ್ ಫ್ರೈಡ್ ರೈಸ್ ತಿಂದು ಬೆಳೆದವ್ನಾ?"

ನಲವತ್ತು ಹುಡುಗಿಯರೂ ನಕ್ಕರು. ಮಾಜಿ ಮೆಂಬರ್ ಶರ್ಟಿನ ತೋಳು ಮಡಚಿಕೊಂಡು ಒಳಗೆ ಹೋದ. ತುಸು ಹೊತ್ತಿಗೆ ಅವನು ಏದುಸಿರು ಬಿಡುತ್ತಾ ಮುದ್ದೆ ತಿರುವುವುದೂ, "ಗಂಟಾಯ್ತು, ಜೋರಾಗ್ ತಿರುವು" ಎಂದು ತಾಯಿ ಗದರುವುದೂ ಹಾಲ್‌ಗೆ ಕೇಳಿಸಿತು. ಶೋಭಾರಾಣಿ ಹುಡುಗಿಯರ ನಡುವೆ ಕೂತು ತನ್ನ ತಟ್ಟೆ ಎಳೆದುಕೊಂಡಳು.

ಸೋಮವಾರ ಬೆಳಿಗ್ಗೆ ತಿಂಡಿಯ ಹೆಸರು ಬರೆಯಲು ಬಂದವಳಿಗೆ ಬೋರ್ಡಿನಲ್ಲಿ ಜಾಗವೇ ಸಿಗಲಿಲ್ಲ. ಅವಳ ಸಾಲುಗಳ ಕೆಳಗೆ ಹಿಂದಿಯಲ್ಲಿ ಆರು ಸಾಲು. ಪಕ್ಕದಲ್ಲಿ ದುಂಡು ದುಂಡು ಒಡಿಯಾ. ಅಂಚಿನಲ್ಲಿ ಯಮುನಾಳ ವಾಲಿದ ಅಕ್ಷರ: 'ನಮ್ಮವ್ವ ರೊಟ್ಟಿ ಬಡಿಯೋ ಸಪ್ಪಳಕ್ಕ ನಾನು ಏಳ್ತಿದ್ದೆ.'

ಒರೆಸುವ ಬಟ್ಟೆ ಕೈಯಲ್ಲಿತ್ತು. ಅದನ್ನು ಮತ್ತೆ ಮೊಳೆಗೆ ಸಿಕ್ಕಿಸಿದಳು. ಅಡುಗೆಮನೆಯಿಂದ ಸಿಲಿಂಡರ್ ರಸೀದಿಯೊಂದನ್ನು ತಂದು, ಬೆನ್ನು ತಿರುಗಿಸಿ, 'ಉಪ್ಪಿಟ್ಟು' ಎಂದು ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು.