ಪೂವಕ್ಕನ ಹೆಬ್ಬೆಟ್ಟು

ಜೂನ್ ತಿಂಗಳ ಒಂದು ಬೆಳಿಗ್ಗೆ ಸ್ವರ್ಣಲತಾ ಮೀನಿನ ಬುಟ್ಟಿ ಹೊತ್ತು ಕಡಲ ಬದಿಯಿಂದ ಬಂದಾಗ ಕಾಲುದಾರಿಯ ಬಾಯಲ್ಲಿ ನಾಲ್ಕು ಸಿಮೆಂಟ್ ಕಂಬಗಳು ನಿಂತಿದ್ದವು. ನಡುವೆ ತಂತಿ. ಕಡಲಿನಿಂದ ಹೆದ್ದಾರಿಗೆ ಬರಲು ನಮ್ಮ ಊರಿನ ಹೆಂಗಸರಿಗೆ ಇರುವುದು ಅದೊಂದೇ ದಾರಿ. ಸುತ್ತಿ ಬರುವಷ್ಟರಲ್ಲಿ ಬೆಳ್ಮಣ್ಣು ಪೇಟೆಗೆ ಹೋಗುವ ಬಸ್ಸು ಹೋಗಿತ್ತು. ಬಸ್ಸು ತಪ್ಪಿದರೆ ಮೀನು ಮಾರುವುದೆಲ್ಲಿ?

ಅವಳ ಗಂಡ ಚಂದು ನನ್ನ ಹಳೆಯ ವಿದ್ಯಾರ್ಥಿ, ನೆರೆಮನೆಯವನು. ಮಳೆಗಾಲದಲ್ಲಿ ಸಣ್ಣ ದೋಣಿಗಳ ಹೊರತು, ಅವನು ದುಡಿಯುವಂಥ ದೊಡ್ಡ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆದ್ದರಿಂದ ಅವನು ಜಗಲಿಯಲ್ಲಿ ಬಲೆ ಸರಿಮಾಡುತ್ತಾ ಕುಳಿತಿದ್ದ. ನಾನು ಪಂಚಾಯತಿಗೆ ಹೋಗಿ, ಹಿಂದಿನ ಗ್ರಾಮಸಭೆಯ ನಡಾವಳಿಯ ಪ್ರತಿ ಕೇಳಿ ತಂದೆ.

"ಚಂದು, ಈ ಸಹಿ ನಿನ್ನದಲ್ವಾ?"

"ನನ್ನದೇ ಮಾಸ್ಟ್ರೇ. ಸಭೆಗೆ ಜನ ಸಾಲುವುದಿಲ್ಲ ಎಂದು ಪಂಚಾಯತಿಯವರು ಸಹಿಯ ಪುಸ್ತಕವನ್ನು ಮನೆಗೇ ತಂದಿದ್ದರು. ಎಡಗೈಯಲ್ಲಿ ಬಲೆ ಹಿಡಿದುಕೊಂಡೇ ಹಾಕಿ ಕೊಟ್ಟೆ. ಎಂತ ಉಂಟು ಅದರಲ್ಲಿ?"

"ಕಾಲುದಾರಿ ಯಾರ ಉಪಯೋಗದಲ್ಲೂ ಇಲ್ಲ. ಅಲ್ಲಿ ಕಸದ ಶೆಡ್ ಕಟ್ಟಬಹುದು. ಹಾಜರಿದ್ದವರೆಲ್ಲ ಒಪ್ಪಿದರು. ಹೀಗೆ ಉಂಟು. ಕೆಳಗೆ ನಿನ್ನ ಸಹಿ."

ಸ್ವರ್ಣಲತಾ ಬುಟ್ಟಿಯನ್ನು ಗಂಡನ ಮುಂದೆ ತಳ್ಳಿದಳು. "ನಾಳೆಯಿಂದ ಇವರೇ ಹೊರಲಿ."

"ಸೋಮವಾರ ಗ್ರಾಮಸಭೆ ಉಂಟು. ಇಬ್ಬರೂ ಬನ್ನಿ," ಎಂದೆ.

"ನಾವು ಹೇಳಿದರೆ ಕೇಳುವವರು ಯಾರು?" ಎಂದ ಚಂದು. "ಐದು ವರ್ಷಕ್ಕೊಮ್ಮೆ ವೋಟು ಹಾಕ್ತೇವೆ. ಸಾಲದಾ?"

ನಾನು ಸ್ವರ್ಣಲತಾಳ ಕಡೆ ತಿರುಗಿದೆ. "ಕಡಲ ಬದಿಯ ಏಲಂನಲ್ಲಿ ಬೆಲೆ ಕೂಗದೆ ನಿಂತರೆ ಮೀನು ನಿನ್ನ ಬುಟ್ಟಿಗೆ ಬೀಳ್ತದಾ?"

"ಕಾಗೆಗಾದರೂ ಸಿಕ್ಕೀತು, ನನಗೆ ಸಿಗ್ಲಿಕ್ಕಿಲ್ಲ."

ನನ್ನ ಹೆಂಡತಿ ಇಮೆಲ್ಡಾ ಈ ವರ್ಷ ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ದೇವರ ಪಾದ ಸೇರಿದಳು. ಸಂಜೆಯ ಜಪಸರದ ಪ್ರಾರ್ಥನೆ ಮುಗಿದ ಮೇಲೆ ಊರಿನ ಹಿರಿಯರ ಮಾತು ಕೇಳಿ, ಪಂಚಾಯತಿಯ ಹಳೆಯ ದಾಖಲೆ ನೋಡಿ, ಒಂದು ದಪ್ಪ ಪುಸ್ತಕದಲ್ಲಿ ಬರೆದಿಡುವುದು ಅವಳ ಅಭ್ಯಾಸವಾಗಿತ್ತು. ಮೂರು ತಿಂಗಳಿಂದ ನಾನು ಅದನ್ನು ಮುಟ್ಟಿರಲಿಲ್ಲ. ಅಂದು ಅದನ್ನು ಚಂದುವಿನ ಜಗಲಿಗೆ ತಂದು, ದೇವರನ್ನು ನೆನೆದು ತೆರೆದು ಓದಿದೆ.

ಅವಳ ದುಂಡು ಅಕ್ಷರದಲ್ಲಿ ಹೀಗಿತ್ತು: "೧೯೬೯. ಮೀನು ಮಾರುವ ಹದಿನೇಳು ಹೆಂಗಸರು ಬುಟ್ಟಿ ಸಮೇತ ಸಭೆಗೆ ಬಂದು ದಾರಿ ಕೇಳಿದರು. ದಾರಿ ಬಿಡಬೇಕೆಂದು ನಿರ್ಣಯವಾಯಿತು. ಮೊದಲ ಹೆಬ್ಬೆಟ್ಟು ಪೂವಕ್ಕನದು." ಬದಿಯಲ್ಲಿ ದಾಖಲೆಯ ಪುಟದ ಸಂಖ್ಯೆ.

ಚಂದುವಿನ ಕೈಯಿಂದ ಬಲೆ ಜಾರಿತು. "ಪೂವಕ್ಕ ನನ್ನ ಅಜ್ಜಿ."

"ಅಜ್ಜಿ ಹೆಬ್ಬೆಟ್ಟು ಒತ್ತಿ ದಾರಿ ತಂದರು," ಎಂದಳು ಸ್ವರ್ಣಲತಾ. "ಮೊಮ್ಮಗ ಶಾಲೆಗೆ ಹೋಗಿ, ಸಹಿ ಕಲಿತು, ದಾರಿ ಕಳೆದರು. ಮಾಸ್ಟ್ರೇ, ನೀವು ಕಲಿಸಿದ್ದು ಇದನ್ನೇ ಅಲ್ವಾ?"

ಎಷ್ಟೋ ದಿನಗಳ ನಂತರ ನಾನು ಬಾಯ್ತುಂಬ ನಕ್ಕೆ.

ಸೋಮವಾರ ಅವಳು ಇಪ್ಪತ್ತೆರಡು ಹೆಂಗಸರನ್ನು ಕರೆತಂದಳು. ಆದರೆ ಎದ್ದು ನಿಂತು ಹೇಳಿದ್ದು ಮುಂದಿನ ಸಾಲಿಗೂ ಕೇಳಲಿಲ್ಲ.

"ಸ್ವಲ್ಪ ಜೋರಾಗಿ ಹೇಳಿ ಅಮ್ಮ," ಎಂದರು ಅಧ್ಯಕ್ಷರು.

"ಜೋರಾಗಿಯಾ?" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಏಲಂನಲ್ಲಿ ಕೂಗುವ ಧ್ವನಿಯಲ್ಲೇ ಹೇಳಿದಳು. "ಆ ದಾರಿಯಲ್ಲಿ ನಾವು ದಿನಾ ನಡೀತೇವೆ. ನಮ್ಮ ಅಜ್ಜಿಯಂದಿರು ಇದೇ ಸಭೆಯಲ್ಲಿ ಕೇಳಿ ತೆಗೆದುಕೊಂಡ ದಾರಿ ಅದು. ಪುಸ್ತಕ ತೆಗೆದು ನೋಡಿ." ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದವರು ನೆಟ್ಟಗೆ ಕುಳಿತರು.

ಕಾರ್ಯದರ್ಶಿ ಕಪಾಟಿನಿಂದ ಹಳೆಯ ಪುಸ್ತಕ ತೆಗೆದರು. ಇಮೆಲ್ಡಾ ಸಂಖ್ಯೆ ಬರೆದಿಟ್ಟ ಪುಟದಲ್ಲೇ ಹದಿನೇಳು ಹೆಬ್ಬೆಟ್ಟುಗಳು ಸಾಲಾಗಿದ್ದವು. ಚಂದು ಮೊದಲನೆಯದನ್ನು ನೋಡಿ ಕೈಮುಗಿದ. ಅಧ್ಯಕ್ಷರು ತಪ್ಪು ಒಪ್ಪಿಕೊಂಡರು. ಕಸದ ಶೆಡ್ಡಿಗೆ ಹಳೆಯ ಅಂಗನವಾಡಿಯ ಹಿಂದಿನ ಜಾಗ, ದಾರಿ ದಾರಿಯಾಗಿಯೇ ಇರಬೇಕು ಎಂದು ನಿರ್ಣಯವಾಯಿತು.

ಸಹಿಯ ಪುಸ್ತಕ ಚಂದುವಿನ ಮುಂದೆ ಬಂತು. ಅವನು ಪೆನ್ನು ಮುಚ್ಚಿಟ್ಟ.

"ಮೊದಲು ಓದಿ ಹೇಳಿ. ಆಮೇಲೆ ಸಹಿ."

ಸಭೆಯೆಲ್ಲ ನಕ್ಕಿತು. ಓದಿದರು. ಅವನು ಸಹಿ ಹಾಕಿದ.

ಮರುದಿನ ಕಂಬಗಳು ಹೋದವು. ಸ್ವರ್ಣಲತಾ ಬಸ್ಸು ಹಿಡಿದಳು. ಸಂಜೆ ನಮ್ಮ ಮನೆಗೆ ಬಂಗುಡೆ ಮೀನು ತಂದಾಗ ನಾನು ಇಮೆಲ್ಡಾಳ ಪುಸ್ತಕದ ಖಾಲಿ ಪುಟ ತೆರೆದು ಅವಳ ಮುಂದಿಟ್ಟೆ. ಅವಳು ಕೈ ತೊಳೆದು ಬಂದು, ನಡೆದದ್ದನ್ನು ತನ್ನ ಕೈಯಿಂದಲೇ ಬರೆದಳು.

ಓದುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಊರಿನ ಬಾವಿ, ದಾರಿ, ಶಾಲೆ ಯಾರು ಕೇಳಿದ್ದರಿಂದ ಬಂದವು? ಹಿರಿಯರು ಇರುವಾಗಲೇ ಕೇಳಿ ಬರೆದಿಡಿ. ಗ್ರಾಮಸಭೆಯ ದಿನ ಮನೆಗೆ ಬೀಗ ಹಾಕಿ ಹೊರಡಿ. ಸಹಿಯ ಪುಸ್ತಕ ಮನೆ ಬಾಗಿಲಿಗೆ ಬಂದರೆ, "ಸಭೆಗೆ ನಾವೇ ಬರ್ತೇವೆ" ಎಂದು ನಗುತ್ತಾ ಹಿಂದಕ್ಕೆ ಕಳುಹಿಸಿ.